ಆದಿ, ಚಯ, ಗಚ್ಛ: ಕಪ್ಪು ಕಿಟಕಿಯ ಪರವಾಗಿ ಒಂದು ವಾದ

ಬಹಳ ದಿನಗಳಿಂದ ಏನನ್ನೂ ಬರೆದಿರಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಗಿದು ಈಗ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿವೆ. ಕಂಡದ್ದನ್ನು ಹೇಳದೆ ಇರುವುದು ನನ್ನ ಸ್ವಭಾವವಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದೇ ಇದೆ.

ಕಳೆದ ತಿಂಗಳು ಕುವೆಂಪುನಗರದಲ್ಲಿ ಬಂಧುಗಳೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಸಾಫ್ಟ್‌ವೇರ್ ಇಂಜಿನಿಯರಾಗಿರುವ ನಮ್ಮ ಸಂಬಂಧಿಕ ಹುಡುಗ, ಬಲಕ್ಕೆ ನನ್ನೊಡನೆ ಹಲವು ವರ್ಷ ಗಣಿತ ಬೋಧಿಸಿ ನಿವೃತ್ತರಾದ ಮಿತ್ರರು. ಮಾತು ಹತ್ತನೆಯ ತರಗತಿಯ ಗಣಿತಕ್ಕೆ ಹೊರಳಿತು. ‘ಮಾವ, ಐದೈದು ಕೂಡಿಸಿಕೊಂಡು ನೂರರವರೆಗೆ ಸಂಖ್ಯೆ ಬೇಕೆಂದರೆ ಯಂತ್ರಕ್ಕೆ ಒಂದು ಸಾಲು ಹೇಳಿದರೆ ಸಾಕು. ಇನ್ನೂ ಮಕ್ಕಳಿಗೆ ಸಮಾಂತರ ಶ್ರೇಢಿ ಏಕೆ? ಆ ಅಧ್ಯಾಯವನ್ನೇ ತೆಗೆದುಹಾಕಬೇಕು’ ಎಂದ ಹುಡುಗ. ‘ಆ ಯಂತ್ರ ಗಣಿತದ ತರಗತಿಯ ಹೊಸ್ತಿಲು ದಾಟಿದ ದಿನ ಗಣಿತ ಸತ್ತಂತೆ’ ಎಂದರು ಮಿತ್ರರು. ಇಬ್ಬರ ನಡುವೆ ಕುಳಿತಿದ್ದ ನನಗೆ ಇಬ್ಬರೂ ತಪ್ಪೆಂದು ತೋರಿತು. ಆದರೆ ಎಲೆಗೆ ಹೋಳಿಗೆ ಬಿದ್ದ ಮೇಲೆ ವಾದ ಮಾಡುವುದು ನನ್ನ ಪದ್ಧತಿಯಲ್ಲ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರೂ ಇದನ್ನು ಓದುವವರೇ, ಬೇಸರಿಸಬಾರದು.

ಮೊದಲಿಗೆ, ಆ ಒಂದು ಸಾಲು ಯಾವುದೆಂದು ನೋಡದವರಿಗಾಗಿ ನಾಲ್ಕು ಮಾತು. ಲಿನಕ್ಸ್ ಇರುವ ಗಣಕಯಂತ್ರದಲ್ಲಿ ‘ಟರ್ಮಿನಲ್’ ಎಂಬ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಮಿನುಗುವ ಒಂದು ಗೆರೆ ಮಾತ್ರ. ಅದರಲ್ಲಿ ‘ಸೀಕ್’ ಎಂಬ ಪುಟ್ಟ ಆದೇಶವಿದೆ. ಇಂಗ್ಲಿಷಿನ ಮೂರೇ ಅಕ್ಷರ: ಎಸ್, ಇ, ಕ್ಯೂ. (ನಮ್ಮ ಮೈಸೂರಿನ ಹಳಬರಿಗೆ ಸೀಕು ಎಂದರೆ ಕಾಯಿಲೆ. ಆ ನಗೆಯನ್ನು ನಕ್ಕು ಮುಗಿಸಿ ಮುಂದುವರಿಯೋಣ.) ಸೀಕ್ ಎಂದು ಬರೆದು 10 ಎಂದರೆ ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಒಂದರ ಕೆಳಗೊಂದು ಬರುತ್ತವೆ. 5 10 ಎಂದರೆ ಐದರಿಂದ ಹತ್ತರವರೆಗೆ. 13 13 130 ಎಂದು ಮೂರು ಸಂಖ್ಯೆ ಕೊಟ್ಟರೆ ಮೊದಲನೆಯದು ಆರಂಭ, ನಡುವಿನದು ಹೆಜ್ಜೆ, ಕೊನೆಯದು ಮಿತಿ. ಹದಿಮೂರರ ಮಗ್ಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ. 0.25 0.25 2.5 ಎಂದರೆ ನಮ್ಮ ಅಜ್ಜಂದಿರು ಬಾಯಿಪಾಠ ಮಾಡುತ್ತಿದ್ದ ಕಾಲು ಮಗ್ಗಿ.

ಈ ಉಪಕರಣ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯ ಎಂಟನೆಯ ಆವೃತ್ತಿಯಲ್ಲಿ, ಎಂದರೆ 1985ರಲ್ಲಿ, ಅದು ಮೊದಲು ಕಾಣಿಸಿಕೊಂಡಿತು. ಅದಕ್ಕೂ ಮುಂಚೆ, 1983ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದವರ ಯೂನಿಕ್ಸ್‌ನಲ್ಲಿ ಇದೇ ಬಗೆಯ ಕೆಲಸಕ್ಕೆ ‘ಜಾಟ್’ ಎಂಬ ಆದೇಶ ಬಂದಿತ್ತು. ಎಪಿಎಲ್ ಎಂಬ ಗಣಕಭಾಷೆಯಲ್ಲಿ ಸಂಖ್ಯೆಗಳ ಸಾಲನ್ನು ಹೊರಡಿಸುವ ಸಂಕೇತಕ್ಕೆ ಗ್ರೀಕ್ ಅಕ್ಷರದ ಹೆಸರು, ಐಯೋಟಾ. ಆ ಐಯೋಟಾದಿಂದಲೇ ಜಾಟ್ ಎಂಬ ಹೆಸರು ಭಾಗಶಃ ಬಂದಿತೆಂದು ಅದರ ಕೈಪಿಡಿ ಹೇಳುತ್ತದೆ.

ನನಗೆ ಸೀಕ್‌ನ ಪರಿಚಯವಾದದ್ದು ಒಂದು ಪೇಚಾಟದಿಂದ. ಹಳೆಯ ವಿದ್ಯಾರ್ಥಿಗಳ ಗುರುವಂದನೆಯ ಸಲುವಾಗಿ ನಮ್ಮ ತರಗತಿಗಳ ಗುಂಪುಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ 1, 2, 3 ಎಂದು ಹೆಸರಿಟ್ಟಿದ್ದೆ. ಟರ್ಮಿನಲ್‌ನಲ್ಲಿ ಪಟ್ಟಿ ಕೇಳಿದರೆ 1 ಆದ ಮೇಲೆ 10, 11, 12. ಆಮೇಲೆ ಎಂದೋ ಒಮ್ಮೆ 2. ಯಂತ್ರಕ್ಕೆ ಎಣಿಕೆಯೇ ಬಾರದೆಂದು ಸಿಡಿಮಿಡಿಗೊಂಡೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಕ್ಕು, ‘ಸಾರ್, ಅದು ಸಂಖ್ಯೆಯೆಂದು ಓದುತ್ತಿಲ್ಲ, ಪದವೆಂದು ಓದುತ್ತಿದೆ, ನಿಘಂಟಿನಲ್ಲಿ ಅಕಾರಾದಿ ಇದ್ದ ಹಾಗೆ’ ಎಂದಳು. ಸೀಕ್ ಆದೇಶದ ಜೊತೆ ಒಂದು ಚಿಕ್ಕ ಗೆರೆ ಮತ್ತು ಡಬ್ಲ್ಯು ಅಕ್ಷರ ಸೇರಿಸಿದರೆ ಎಲ್ಲ ಸಂಖ್ಯೆಗಳೂ ಒಂದೇ ಅಗಲಕ್ಕೆ ಬರುತ್ತವೆ, 001, 002, 010 ಎಂಬಂತೆ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಹತ್ತಾರು ವರ್ಷ ಹಲಗೆಯ ಮೇಲೆ ಬರೆದು ಸಾರಿದವನು ನಾನು. ಬೆಲೆಯಿಲ್ಲ, ಆದರೆ ಸ್ಥಾನವಿದೆ. ಈ ಭೇದವನ್ನು ನಾನು ಅರವತ್ತು ದಾಟಿದ ಮೇಲೆ, ಶಿಷ್ಯೆಯಿಂದ ಕಲಿತೆ.

ಈಗ ಹುಡುಗನ ವಾದಕ್ಕೆ ಬರೋಣ. ಯಂತ್ರ ಬರೆಯುತ್ತದೆ, ಆದ್ದರಿಂದ ನಾವು ತಿಳಿಯಬೇಕಾಗಿಲ್ಲ ಎಂಬುದು ಅವನ ತರ್ಕ. ಒಂದು ಪ್ರಸಂಗ ಹೇಳುತ್ತೇನೆ; ಶಾಲೆಯ ಹೆಸರು ಬೇಡ. ಪೂರ್ವಸಿದ್ಧತಾ ಪರೀಕ್ಷೆಗೆ 250 ಮಕ್ಕಳು, ಕೊಠಡಿಗೆ 24 ಮಂದಿ. ಪ್ರತಿ ಕೊಠಡಿಯ ಕೊನೆಯ ಸಂಖ್ಯೆ ಯಾವುದೆಂದು ಯಾರೋ ಗಣಕದಲ್ಲಿ ಪಟ್ಟಿ ತೆಗೆದರು: 24, 48, 72, ಹೀಗೆ 240. ಹತ್ತು ಸಾಲು, ಹತ್ತು ಕೊಠಡಿ. ಪಟ್ಟಿ ಅಚ್ಚುಕಟ್ಟಾಗಿತ್ತು, ಮುದ್ರಣವೂ ಚೆನ್ನಾಗಿತ್ತು. ಪ್ರಶ್ನೆಪತ್ರಿಕೆ ಹಂಚಿದ ಮೇಲೆ ನೋಡಿದರೆ ಹತ್ತು ಮಕ್ಕಳು ಜಗಲಿಯಲ್ಲಿ ನಿಂತಿದ್ದಾರೆ, ಕುಳಿತುಕೊಳ್ಳಲು ಕೊಠಡಿಯಿಲ್ಲ. ಅವರಲ್ಲೊಬ್ಬಳು ಅಳುತ್ತಿದ್ದಳು. ಅವರಿಗೆ ಬೆಂಚು ಹುಡುಕುವಷ್ಟರಲ್ಲಿ ಕಾಲು ಗಂಟೆ ಕಳೆಯಿತು. ಕೊಠಡಿಯ ಕೊನೆಯ ಸಂಖ್ಯೆಯ ಬದಲು ಮೊದಲ ಸಂಖ್ಯೆ ಕೇಳಿದ್ದರೆ, ಎಂದರೆ 1 24 250 ಎಂದಿದ್ದರೆ, 1, 25, 49 ಎಂದು ಹೋಗಿ 217ರ ನಂತರ 241 ಎಂಬ ಹನ್ನೊಂದನೆಯ ಸಾಲು ತಾನಾಗಿಯೇ ಬರುತ್ತಿತ್ತು. ಯಂತ್ರ ಎರಡೂ ಸಂದರ್ಭಗಳಲ್ಲಿ ಕೇಳಿದ್ದನ್ನೇ ಕೊಡುತ್ತದೆ. ಏನನ್ನು ಕೇಳಬೇಕೆಂಬುದು ಹತ್ತನೆಯ ತರಗತಿಯ ಆ ಅಧ್ಯಾಯದಲ್ಲಿದೆ. ಅದನ್ನು ತೆಗೆದುಹಾಕಿದರೆ ಜಗಲಿಯಲ್ಲಿ ನಿಲ್ಲುವವರು ಹೆಚ್ಚಾಗುತ್ತಾರೆ.

ಇನ್ನೊಂದು ಮಾತು. ಈ ಒಂದು ಸಾಲನ್ನು ಹುಡುಗ ಪಶ್ಚಿಮದ ಆವಿಷ್ಕಾರವೆಂಬಂತೆ ಹೇಳಿದ. ಸಂಖ್ಯೆಗಳ ಉದ್ದನೆಯ ಸಾಲನ್ನು ಎರಡು ಮೂರು ಅಂಶಗಳಿಗೆ ಇಳಿಸುವ ವಿದ್ಯೆ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಎಂಟು ಮೂಲಕ್ರಿಯೆಗಳನ್ನು ಹೇಳುವಾಗ ಸಾಮಾನ್ಯ ಕೂಡುವ ಕಳೆಯುವ ಲೆಕ್ಕಗಳನ್ನು ಅವರು ಬಿಟ್ಟೇಬಿಟ್ಟರು. ಅವುಗಳ ಸ್ಥಾನದಲ್ಲಿ ಇಟ್ಟದ್ದು ಶ್ರೇಢಿಯ ಸಂಕಲನ ಮತ್ತು ಶ್ರೇಢಿಯಿಂದ ಒಂದು ಭಾಗವನ್ನು ಕಳೆಯುವ ವ್ಯುತ್ಕಲನ. ಶ್ರೇಢಿಯ ಮೊದಲ ಪದ ಆದಿ, ಹೆಜ್ಜೆ ಚಯ, ಪದಗಳ ಸಂಖ್ಯೆ ಗಚ್ಛ, ಒಟ್ಟು ಮೊತ್ತ ಧನ. ಇವುಗಳಲ್ಲಿ ಉಳಿದವು ತಿಳಿದಿದ್ದರೆ ತಿಳಿಯದ ಒಂದನ್ನು ಕಂಡುಹಿಡಿಯುವ ಸೂತ್ರಗಳೂ ಅಲ್ಲಿವೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಕನ್ನಡ ಅನುವಾದವನ್ನು ಮಾಡಿದವರು ನಮ್ಮ ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಅದು 2000ರಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಮೈಸೂರಿನ ಗಣಿತ ಶಿಕ್ಷಕರಲ್ಲಿ ಎಷ್ಟು ಮಂದಿ ಅದನ್ನು ಕೈಯಲ್ಲಿ ಹಿಡಿದಿದ್ದಾರೆಂದು ಕೇಳಲು ನನಗೆ ಧೈರ್ಯವಿಲ್ಲ. ನಾನೇ ನಿವೃತ್ತನಾದ ಮೇಲೆ ಓದಿದವನು.

ಆ ಗ್ರಂಥದಲ್ಲಿ ಮಾಲೆಯಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳಿವೆ. 27994681ನ್ನು 441ರಿಂದ ಗುಣಿಸಿದರೆ 12345654321. ಆಚಾರ್ಯರು ಈ ಉತ್ತರವನ್ನು ಅಂಕಿ ಅಂಕಿಯಾಗಿ ಹೇಳುವುದಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದೆಂದು ನಿಯಮವನ್ನು ಹೇಳುತ್ತಾರೆ. ಕಪ್ಪು ಕಿಟಕಿಯಲ್ಲಿ ಇದನ್ನೇ ಬರೆಯಬೇಕಾದರೆ ಮೊದಲು 1 6, ಬಳಿಕ 5 -1 1. ಸಾಲನ್ನು ಬರೆಯದೆ ಸಾಲಿನ ನಿಯಮವನ್ನು ಬರೆಯುವುದು! ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಕುರ್ಚಿಯಿಂದ ಎದ್ದು ಅಡುಗೆಮನೆಗೆ ಹೋಗಿ ಮನೆಯವರಿಗೆ ವಿವರಿಸಿದೆ. ಹುಳಿಗೆ ಒಗ್ಗರಣೆ ಹಾಕುತ್ತಿದ್ದ ಅವರು ‘ಸರಿ’ ಎಂದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಿತ್ರರು ದಯವಿಟ್ಟು ಗಮನಿಸಬೇಕು, ಏಕೆಂದರೆ ಅವರಿಗೆ ನನ್ನ ಉತ್ತರ ಇಲ್ಲಿಂದ ಆರಂಭವಾಗುತ್ತದೆ. ಆಚಾರ್ಯರ ಮೂರನೆಯ ಅಂಶ ಗಚ್ಛ, ಎಂದರೆ ಎಷ್ಟು ಪದಗಳೆಂಬುದು. ಸೀಕ್ ಕೇಳುವುದು ಮಿತಿಯನ್ನು, ಎಂದರೆ ಎಲ್ಲಿಯವರೆಗೆ ಎಂಬುದನ್ನು. ವ್ಯತ್ಯಾಸ ಅಲ್ಪವೆಂದು ತೋರಬಹುದು. 3, 3, 3, 3 ಎಂಬುದು ಸಮಾಂತರ ಶ್ರೇಢಿಯೇ? ಹೌದು, ಸಾಮಾನ್ಯ ವ್ಯತ್ಯಾಸ ಸೊನ್ನೆ ಎಂದು ನಾವು ಕಲಿಸುತ್ತೇವೆ. ಆದರೆ ಸೀಕ್‌ಗೆ 3 0 10 ಎಂದು ಹೇಳಿ ನೋಡಿ. ಸೊನ್ನೆಯ ಹೆಜ್ಜೆ ಸಲ್ಲದೆಂದು ಇಂದಿನ ಸೀಕ್ ನಿರಾಕರಿಸುತ್ತದೆ. ಏಕೆ? ಹೆಜ್ಜೆ ಸೊನ್ನೆಯಾದರೆ ಹತ್ತನ್ನು ಎಂದಿಗೂ ತಲುಪಲಾಗದು, ಆದ್ದರಿಂದ ನಿಲ್ಲಲೂ ಆಗದು. ಗಚ್ಛವನ್ನು ಕೇಳಿದ್ದರೆ ಈ ತೊಡಕೇ ಇಲ್ಲ. ನಾಲ್ಕು ಪದ ಎಂದರೆ ನಾಲ್ಕು ಮೂರುಗಳನ್ನು ಬರೆದು ಸುಮ್ಮನಾಗಬಹುದು. ಬರ್ಕ್ಲಿಯವರ ಜಾಟ್ ಮೊದಲು ಕೇಳುವುದು ಎಷ್ಟು ಎಂಬುದನ್ನೇ, ನಮ್ಮ ಆಚಾರ್ಯರ ಗಚ್ಛವನ್ನು. ಎಷ್ಟು, ಆದಿ, ಅಂತ್ಯ, ಹೆಜ್ಜೆ ಎಂಬ ನಾಲ್ಕರಲ್ಲಿ ಮೂರನ್ನು ಕೊಟ್ಟರೆ ನಾಲ್ಕನೆಯದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಮಿತ್ರರೇ, ಇದು ನಾವು ಹಲಗೆಯ ಮೇಲೆ ಮಾಡಿಸುತ್ತಿದ್ದ ಲೆಕ್ಕವಲ್ಲದೆ ಮತ್ತೇನು?

ಹಾಗೆಯೇ 7 6 400 ಎಂದು ಬರೆಯಿರಿ. 7, 13, 19 ಎಂದು ಓಡಿದ ಸಾಲು 397ಕ್ಕೆ ನಿಲ್ಲುತ್ತದೆ. ‘ನಾನು ನಾನೂರು ಎಂದೆನಲ್ಲ, ಏಕೆ ಬರಲಿಲ್ಲ?’ ಎಂದು ಮಗು ಕೇಳಿದ ಕ್ಷಣವೇ ಪಾಠ ಆರಂಭವಾಯಿತು. 400ರಿಂದ 7 ಕಳೆದರೆ 393. ಅದು ಆರರಿಂದ ನಿಶ್ಶೇಷವಾಗಿ ಭಾಗವಾಗದು. ಪರೀಕ್ಷೆಯಲ್ಲಿ ‘ಈ ಸಂಖ್ಯೆಯು ಈ ಶ್ರೇಢಿಯ ಪದವೇ, ಪರಿಶೀಲಿಸಿ’ ಎಂದು ನಾವು ಕೇಳುತ್ತಿದ್ದ ಪ್ರಶ್ನೆಯೂ ಇದೇ. ಆದರೆ ಅಲ್ಲಿ ನಾವು ಕೇಳುತ್ತಿದ್ದೆವು, ಇಲ್ಲಿ ಮಗು ಕೇಳುತ್ತದೆ. ನಾನು ಸೇವೆಯಲ್ಲಿದ್ದಷ್ಟು ಕಾಲ ಈ ಪ್ರಶ್ನೆಯನ್ನು ತಾನಾಗಿ ಕೇಳಿದ ಮಗುವೊಂದು ನೆನಪಾಗುವುದಿಲ್ಲ. ತಪ್ಪು ಮಕ್ಕಳದ್ದಲ್ಲ.

ಯಂತ್ರ ದೇವರೆಂದು ಮಕ್ಕಳು ನಂಬಿಬಿಡುತ್ತಾರೆಂಬುದು ಮಿತ್ರರ ಇನ್ನೊಂದು ಆತಂಕ. ಹಾಗೆ ನಂಬುವುದು ಯಂತ್ರವನ್ನು ದೂರದಿಂದ ನೋಡಿದವರು. ಲಿನಕ್ಸ್‌ನಲ್ಲಿ 5 1 ಎಂದು ಬರೆದರೆ ಸೀಕ್ ಮೌನ ತಾಳುತ್ತದೆ. ಹೆಜ್ಜೆ ಹೇಳದಿದ್ದರೆ ಅದು ಒಂದೊಂದೇ ಏರುವುದೆಂದು ತಿಳಿಯುತ್ತದೆ, ಐದರಿಂದ ಏರಿ ಒಂದನ್ನು ತಲುಪಲಾಗದು. ಅಮೆರಿಕದಲ್ಲಿರುವ ನನ್ನ ಸೋದರಳಿಯನ ಆಪಲ್ ಗಣಕದಲ್ಲಿ ಅದೇ ಸಾಲು 5, 4, 3, 2, 1 ಎಂದು ಇಳಿಯುತ್ತದೆ. ಎರಡರಲ್ಲಿ ಯಾವುದು ಸರಿ? ಎರಡೂ ಮನುಷ್ಯರು ಕುಳಿತು ಮಾಡಿದ ನಿರ್ಧಾರಗಳು. ದಶಮಾಂಶಗಳ ವಿಷಯದಲ್ಲಂತೂ ಯಂತ್ರ ನಿಜವಾಗಿಯೂ ಎಡವುತ್ತದೆ. ಮೂರನೆಯ ಒಂದನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಹತ್ತನೆಯ ಒಂದು ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದಿಲ್ಲ. ಬಹಳ ಸೂಕ್ಷ್ಮವಾದ ಹೆಜ್ಜೆ ಕೊಟ್ಟರೆ ಒಂದು ಸಂಖ್ಯೆ ಎರಡು ಬಾರಿ ಬಂದು ಇನ್ನೊಂದು ತಪ್ಪಿಹೋದೀತೆಂದು ಸೀಕ್‌ನ ಕೈಪಿಡಿಯೇ ಉದಾಹರಣೆಸಹಿತ ಒಪ್ಪಿಕೊಳ್ಳುತ್ತದೆ. ತನ್ನ ದೌರ್ಬಲ್ಯವನ್ನು ತಾನೇ ಮುದ್ರಿಸಿಕೊಂಡ ಗುರುವನ್ನು ನಾನು ಬೇರೆ ಕಂಡಿಲ್ಲ. ನಮ್ಮ ವೃತ್ತಿಯಲ್ಲಿ ಅಂತಹವರು ಕಡಿಮೆ.

ಈಗ ನನ್ನ ನಿಜವಾದ ಸಿಟ್ಟು. ನಾನು ಕಂಡ ಒಂದು ಶಾಲೆಯಲ್ಲಿ ಗಣಕ ಕೊಠಡಿಗೆ ಸದಾ ಬೀಗ. ಯಂತ್ರಗಳ ಮೇಲೆ ಹೂವಿನ ಕಸೂತಿಯ ಬಟ್ಟೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ. ತೆರೆದ ದಿನಗಳಲ್ಲಿ ಮಕ್ಕಳು ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ಮನೆ, ಎರಡು ತೆಂಗಿನಮರ, ನಡುವೆ ಸೂರ್ಯ ಬರೆದು ಹೊರಬರುತ್ತಿದ್ದರು. ಕಪ್ಪು ಕಿಟಕಿಯನ್ನು ತೋರಿಸಬಾರದೇ ಎಂದರೆ, ‘ಅದೆಲ್ಲ ಇಂಗ್ಲಿಷ್ ಸಾರ್, ನಮ್ಮದು ಕನ್ನಡ ಮಾಧ್ಯಮ’ ಎಂಬ ಉತ್ತರ. ಇಷ್ಟು ತಲೆಕೆಳಗಾದ ಮಾತನ್ನು ನಾನು ಕೇಳಿಲ್ಲ. ಬಣ್ಣಬಣ್ಣದ ಗುಂಡಿಗಳ ಆ ಪರದೆಯಲ್ಲಿ ಎಷ್ಟು ಇಂಗ್ಲಿಷ್ ಪದಗಳಿವೆಯೆಂದು ಒಮ್ಮೆ ಎಣಿಸಿ. ಸೀಕ್‌ನಲ್ಲಿ ಇರುವುದು ಮೂರು ಅಕ್ಷರ ಮತ್ತು ಮೂರು ಸಂಖ್ಯೆ. ಸಂಖ್ಯೆಗೆ ಮಾಧ್ಯಮವುಂಟೇ? ಕನ್ನಡ ಅಂಕಿಗಳೇ ಬೇಕೆನ್ನುವವರಿಗೆ ಅದೂ ಸಾಧ್ಯ. ಸೀಕ್ ಹೊರಡಿಸಿದ ಸಾಲನ್ನು ‘ಸೆಡ್’ ಎಂಬ ಇನ್ನೊಂದು ಆದೇಶಕ್ಕೆ ಕೊಳವೆಯಂತೆ ಜೋಡಿಸಿ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಬದಲು ೦ ೧ ೨ ೩ ೪ ೫ ೬ ೭ ೮ ೯ ಇಡು ಎಂದರೆ ಹಾಗೆಯೇ ಇಡುತ್ತದೆ. ನಾನು ಹದಿಮೂರರ ಮಗ್ಗಿಯನ್ನು ಹೀಗೆ ಮುದ್ರಿಸಿ ಪಕ್ಕದ ಮನೆಯ ಮಗುವಿಗೆ ಕೊಟ್ಟಿದ್ದೇನೆ.

ಗಡಿಯಾಚೆಗಿನ ಕನ್ನಡಿಗರನ್ನು ನೋಡಿ. ಕೇರಳ ಸರ್ಕಾರವು 2000ರ ದಶಕದಲ್ಲೇ ತನ್ನ ಪ್ರೌಢಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅದರ ಪಠ್ಯವನ್ನು ಕನ್ನಡದಲ್ಲಿಯೂ ಅಚ್ಚು ಮಾಡಿಸಿತು. ಆ ಮಕ್ಕಳು ಕನ್ನಡ ಪುಸ್ತಕವನ್ನು ಮುಂದಿಟ್ಟುಕೊಂಡು ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಬಲ್ಲರು. ಮೈಸೂರಿನಲ್ಲಿ, ದೇಶದ ಮೂಲೆಮೂಲೆಗಳಿಂದ ಇಂಜಿನಿಯರುಗಳು ಇನ್ಫೋಸಿಸ್ ಆವರಣಕ್ಕೆ ತರಬೇತಿಗೆ ಬಂದಿಳಿಯುವ ಈ ಊರಿನಲ್ಲಿ, ನಮ್ಮ ಮಕ್ಕಳು ತೆಂಗಿನಮರ ಬರೆಯುತ್ತಿದ್ದರು. ನಾನು ಕೇಳುವುದು ದೊಡ್ಡದೇನಲ್ಲ. ಹತ್ತನೆಯ ತರಗತಿಯ ಶ್ರೇಢಿಯ ಪಾಠದ ಎರಡು ಅವಧಿಗಳು ಗಣಕ ಕೊಠಡಿಯಲ್ಲಿ ನಡೆಯಲಿ. ಬೀಗದ ಕೈ ಗಣಿತ ಶಿಕ್ಷಕರ ಬಳಿ ಇರಲಿ. ತಂತ್ರಾಂಶಕ್ಕೆ ಹಣವಿಲ್ಲ, ಹದಿನೈದು ವರ್ಷ ಹಳೆಯ ಯಂತ್ರವೂ ಸಾಕು.

ಕೊನೆಯದಾಗಿ ಹೇಳಬೇಕಾದ, ಮೊದಲೇ ಹೇಳಬೇಕಾಗಿದ್ದ ಒಂದು ವಿಷಯವಿದೆ. ಸಂಖ್ಯೆಗಳ ಸಾಲನ್ನು ನಾನು ದೀರ್ಘಕಾಲ ಬಳಸಿದ್ದು ಶಿಕ್ಷೆಯಾಗಿ. ಮನೆಗೆಲಸ ಮಾಡದವರಿಗೆ ‘ಒಂದರಿಂದ ಸಾವಿರದವರೆಗೆ ಬರೆದುಕೊಂಡು ಬಾ’ ಎನ್ನುತ್ತಿದ್ದೆ. ನಿಮ್ಮಲ್ಲಿ ಹಲವರು ಬರೆದಿದ್ದೀರಿ. ಮೊನ್ನೆ ಲೆಕ್ಕ ಹಾಕಿದೆ: ಅದಕ್ಕೆ 2893 ಅಂಕಿಗಳನ್ನು ಬರೆಯಬೇಕು. ಯಂತ್ರಕ್ಕೆ ಅದು ಒಂದು ರೆಪ್ಪೆಬಡಿತ. ನಿಮಗೆ ಒಂದು ಸಂಜೆಯ ಆಟ ಹೋಯಿತು.

1990ರ ದಶಕದ ಆರಂಭದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಈ ಶಿಕ್ಷೆಯನ್ನು ಬೇರೆ ರೀತಿಯಲ್ಲಿ ಬರೆಯುತ್ತಿದ್ದುದು ಊಟದ ಬಿಡುವಿನಲ್ಲಿ ನನ್ನ ಕಣ್ಣಿಗೆ ಬಿತ್ತು. ಪುಟದ ಮೇಲಿಂದ ಕೆಳಕ್ಕೆ 1ರಿಂದ 9, ಮತ್ತೆ 0, ಮತ್ತೆ 1ರಿಂದ 9, ಹೀಗೆ ಬಿಡಿಸ್ಥಾನಗಳನ್ನಷ್ಟೇ ಪುಟಗಟ್ಟಲೆ ತುಂಬಿಸಿದ್ದ. ಆಮೇಲೆ ಮೇಲಿನಿಂದ ಹತ್ತರ ಸ್ಥಾನ ತುಂಬಿಸುವುದು, ಹತ್ತು ಸಾಲಿಗೆ ಒಂದೇ ಅಂಕಿ. ಬಳಿಕ ನೂರರ ಸ್ಥಾನ, ನೂರು ಸಾಲಿಗೆ ಒಂದೇ ಅಂಕಿ. ಯೋಚಿಸದೆ ಬರೆಯಬಹುದಾದ, ತಪ್ಪಲು ಸಾಧ್ಯವೇ ಇಲ್ಲದ ವಿಧಾನ. ಸ್ಥಾನಬೆಲೆಯ ಒಳಗುಟ್ಟನ್ನು ಆ ಹುಡುಗ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದ. ನಾನು ಅದನ್ನು ಮೋಸವೆಂದೆ. ತರಗತಿಯ ಮುಂದೆ ಹಾಳೆಗಳನ್ನು ಹರಿದೆ. ‘ಸರಿಯಾಗಿ’ ಬರೆಯಲು ಹೇಳಿದೆ. ಅವನು ಎರಡು ದಿನ ಶಾಲೆಗೆ ಬರಲಿಲ್ಲ, ಮೂರನೆಯ ದಿನ ಬರೆದು ತಂದ. ಆ ವರ್ಷದ ಕೊನೆಗೆ ಶಾಲೆ ಬಿಟ್ಟು ಮೋಟಾರು ಗ್ಯಾರೇಜಿಗೆ ಸೇರಿದನೆಂದು ಅವನ ಸಹಪಾಠಿಗಳು ಹೇಳಿದರು. ಶಾಲೆ ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು. ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ.

ಅವನ ಜೊತೆ ಓದಿದವರು ಕೆಲವರು ಇದನ್ನು ಓದುತ್ತೀರಿ. ಅವನು ಈಗ ಎಲ್ಲಿದ್ದಾನೆಂದು ಯಾರಿಗಾದರೂ ತಿಳಿದಿದ್ದರೆ ನನಗೆ ಒಂದು ದೂರವಾಣಿ ಕರೆ ಮಾಡಿ. ಬೆಳಿಗ್ಗೆ ಹತ್ತರ ನಂತರ ನಾನು ಮನೆಯಲ್ಲೇ ಇರುತ್ತೇನೆ.